ಅವಳ ಡಿಶ್ಶಿಗೆ ನನ್ನ ನೀರು

ಔರಾದ ಕಡೆಯಿಂದ ಬಂದ ಹುಡುಗಿ ಬೆಳೆಸಿದ ಜೀವಕೋಶಗಳನ್ನು ನಾನು ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ನೋಡಿದ್ದು ಮಧ್ಯಾಹ್ನ, ಊಟದ ಡಬ್ಬಿ ತೆಗೆಯುವ ಹೊತ್ತಿಗೆ. ಅವಳ ಕೋಶಗಳು ಒಂದಕ್ಕೊಂದು ಆತುಕೊಂಡು, ಅಂಚು ಸ್ವಚ್ಛವಾಗಿ, ಡಿಶ್ಶಿನ ತಳದ ತುಂಬ ಹಾಸಿಕೊಂಡಿದ್ದವು. ನನ್ನವು ಮೂರು ವರ್ಷದಿಂದ ಅರ್ಧ ದುಂಡಗೆ, ಒಳಗೆ ರವೆ ತುಂಬಿದಂತೆ ಕಾಳುಕಾಳಾಗಿ, ಮುನಿಸಿಕೊಂಡು ಕೂತಿರುತ್ತಿದ್ದವು. ಆಡಿನ ಕೋಶ ಇರುವುದೇ ಹೀಗೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಅವಳು ಲ್ಯಾಬಿಗೆ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ.

"ಹ್ಯಾಂಗ ಅದಾವ್ರಿ ಅಕ್ಕಾ?" ಪಕ್ಕದಲ್ಲಿ ನಿಂತು ಕೇಳಿದಳು.

"ಪರವಾಯಿಲ್ಲ," ಅಂದೆ.

ಆ ಒಂದು ಮಾತಿನಲ್ಲಿ ಎಷ್ಟು ಹೊಟ್ಟೆಕಿಚ್ಚು ಹಿಡಿಸುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು. ಅವಳು ಮಾತ್ರ ಖುಷಿಯಾಗಿ ಹೋಗಿ ಕೈ ತೊಳೆದು, ನನ್ನ ಡಬ್ಬಿಗೆ ತನ್ನ ಪುಂಡಿಪಲ್ಯ ಹಾಕಿದಳು. ಅದೂ ನಮ್ಮವ್ವ ಮಾಡುವುದಕ್ಕಿಂತ ರುಚಿಯಾಗಿತ್ತು.

ನಮ್ಮ ಕೆಲಸ ಹೇಳಲು ಸುಲಭ, ಮಾಡಲು ತ್ರಾಸಿನದು. ಹಾಲು ಹಾಯಿಸುವ ಮೆತ್ತನೆಯ ಪ್ಲಾಸ್ಟಿಕ್ ಪೈಪು ಇರುತ್ತದಲ್ಲ, ಅದು ಹುಟ್ಟಿನಿಂದ ಮೆತ್ತಗಲ್ಲ. ಅದಕ್ಕೆ ಒಂದು ರಾಸಾಯನಿಕ ಬೆರೆಸಿ ಮೆತ್ತಗೆ ಮಾಡುತ್ತಾರೆ. ನೋಡಲು ತಿಳಿ ಎಣ್ಣೆಯಂತಿರುವ ಅದಕ್ಕೆ ನಾವು ಲ್ಯಾಬಿನಲ್ಲಿ ಎಣ್ಣೆ ಎಂದೇ ಅನ್ನುತ್ತಿದ್ದೆವು. ಆ ಎಣ್ಣೆ ಪೈಪಿನಿಂದ ಹಾಲಿಗೆ ಇಳಿದರೆ ಮೈಗೆ ಏನಾಗುತ್ತದೆ ಎನ್ನುವುದು ಪ್ರಶ್ನೆ. ಮೊದಲಾದರೆ ಇಲಿಗಳಿಗೆ ಕುಡಿಸಿ, ಆಮೇಲೆ ಕೊಯ್ದು ನೋಡುತ್ತಿದ್ದರು. ನಾವು ಆಡಿನ ಅಂಡಾಶಯದಿಂದ ಕೋಶಗಳನ್ನು ತೆಗೆದು ಡಿಶ್ಶಿನಲ್ಲಿ ಬೆಳೆಸುತ್ತೇವೆ. ಒಂದು ಡಿಶ್ಶಿಗೆ ಅಳೆದು ಎಣ್ಣೆ, ಇನ್ನೊಂದಕ್ಕೆ ಇಲ್ಲ. ಎರಡೂ ಒಂದೇ ರೀತಿ ಇದ್ದು, ಅವುಗಳ ಕೋಶಗಳು ಒಂದೇ ಅಳತೆಯ ಹಾರ್ಮೋನು ಸ್ರವಿಸಿದರೆ ಆ ಪ್ರಮಾಣದ ಎಣ್ಣೆಯಿಂದ ಅಪಾಯವಿಲ್ಲ ಎಂದು ಅರ್ಥ. ಹುಡುಗಿ ಇನ್ನೂ ಕೋಶ ಬೆಳೆಸುವುದನ್ನು ಕಲಿಯುತ್ತಿದ್ದಳು, ಎಣ್ಣೆಯ ತನಕ ಬಂದಿರಲಿಲ್ಲ. ನನ್ನ ಎರಡು ಡಿಶ್ಶುಗಳು ಮೂರು ವರ್ಷವೂ ಒಂದೇ ರೀತಿ ಇದ್ದವು. ಅದನ್ನೇ ನಂಬಿ ಲ್ಯಾಬಿನ ಮುಖ್ಯಸ್ಥರಾದ ನಮ್ಮ ಸರ್ ವರದಿ ಬರೆಯುತ್ತಿದ್ದರು. ಅಪಾಯವಿಲ್ಲ ಎನ್ನುವ ವರದಿ, ಅದರಲ್ಲಿ ಮೊದಲ ಹೆಸರು ನನ್ನದು. ಆ ಹೆಸರಿಗಾಗಿ ನಾನು ಮೂರು ವರ್ಷ ಭಾಲ್ಕಿಯಿಂದ ಬೀದರಿಗೆ ಬೆಳಗಿನ ಮೊದಲ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದೆ.

ಅಂಡಾಶಯ ತರುವುದೂ ನನ್ನದೇ ಕೆಲಸವಾಗಿತ್ತು. ಬೀದರಿನ ಹಳೇ ಓಣಿಯ ಕಸಾಯಿ ಚಾಚಾನ ಅಂಗಡಿಯ ಮುಂದೆ ಚಹದ ಥರ್ಮಾಸಿನಲ್ಲಿ ಬೆಚ್ಚನೆ ಉಪ್ಪುನೀರು ಹಿಡಿದು ನಿಲ್ಲುತ್ತಿದ್ದೆ. ಕೊರಳಲ್ಲಿ ಲಿಂಗ, ಕೈಯಲ್ಲಿ ಥರ್ಮಾಸು. ಮೊದಲ ವರ್ಷ ಅವ್ವ ನನ್ನನ್ನು ಸ್ನಾನ ಮಾಡಿಸದೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಈ ಹುಡುಗಿ ಬಂದ ಮೇಲೆ ಥರ್ಮಾಸು ಅವಳ ಕೈಗೆ ಹೋಯಿತು. ಎರಡನೇ ವಾರಕ್ಕೆ ಚಾಚಾ, "ಬೇಟಿ ಸಲುವಾಗಿ ಛಲೋವು ಅಲಗ್ ತೆಗದಿಟ್ಟೀನಿ," ಎಂದು ಹೇಳಿ ಕಳಿಸಿದನಂತೆ. ಮೂರು ವರ್ಷದಲ್ಲಿ ನನಗೆ ಅವನು ಬೇಟಿ ಅಂದದ್ದು ನೆನಪಿಲ್ಲ. ಕಸಾಯಿಯ ಪ್ರೀತಿಗೂ ಕರುಬುವ ಮಟ್ಟಕ್ಕೆ ಬಂದೆನಲ್ಲ ಎಂದು ನನ್ನ ಮೇಲೆ ನನಗೇ ನಾಚಿಕೆಯಾಯಿತು. ಆದರೂ ಕರುಬಿದೆ.

ಸರ್ ಗ್ರಾಫ್ ನೋಡುವವರೇ ಹೊರತು ಡಿಶ್ ನೋಡುವವರಲ್ಲ. ಅಂಥವರು ಒಂದು ದಿನ ಅವಳ ಮೈಕ್ರೋಸ್ಕೋಪಿಗೆ ಬಗ್ಗಿ, ಐದು ನಿಮಿಷ ಎದ್ದೇಳಲಿಲ್ಲ. ಎದ್ದವರೇ, "ಕೈಗುಣ ಅಂದ್ರ ಇದು ನೋಡ್ರಿ," ಅಂದರು. ನನ್ನ ಕಡೆ ತಿರುಗಿ ಅಂದರು. ಕೈಗುಣ ಎನ್ನುವುದಕ್ಕೆ ಯಾವ ಅಳತೆ, ಯಾವ ಯಂತ್ರ? ಅದು ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ. ಅವತ್ತು ಬಸ್ಸಿನಲ್ಲಿ ಭಾಲ್ಕಿಯ ತನಕ ನನ್ನ ಎರಡು ಅಂಗೈಗಳನ್ನು ನೋಡಿಕೊಂಡೇ ಹೋದೆ.

ನಾವಿಬ್ಬರೂ ಜಗಳವಾಡುತ್ತಿದ್ದದ್ದು ಒಂದೇ ವಿಷಯಕ್ಕೆ, ನೀರಿಗೆ. ಕೋಶಗಳಿಗೆ ಹಾಕುವ ಆಹಾರದ ದ್ರವಕ್ಕೆ ಮೀಡಿಯಾ ಅನ್ನುತ್ತೇವೆ. ಅದನ್ನು ಶುದ್ಧ ನೀರಿನಲ್ಲಿ ಪುಡಿ ಕರಗಿಸಿ ಅವರವರದು ಅವರವರೇ ಮಾಡಿಕೊಳ್ಳಬೇಕು. ನಾನು ಬೆಳೆದ ಭಾಲ್ಕಿಯ ಮನೆಯಲ್ಲಿ ನಳ ವಾರಕ್ಕೊಮ್ಮೆ ಬರುತ್ತಿತ್ತು. ಬಂದಾಗ ನಳಕ್ಕೆ ಪೈಪು ಸಿಕ್ಕಿಸಿ ಬ್ಯಾರಲ್ಲು, ಕೊಡ, ಪರಾತ, ಕೊನೆಗೆ ಚಹದ ಪಾತ್ರೆಯನ್ನೂ ಬಿಡದೆ ತುಂಬುತ್ತಿದ್ದೆವು. ಪೈಪಿಗೆ ಮಣ್ಣು ಹತ್ತಬಾರದೆಂದು ಅದನ್ನು ಸುತ್ತಿ ಬ್ಯಾರಲ್ಲಿನೊಳಗೇ ಬಿಡುತ್ತಿದ್ದೆವು. ಲ್ಯಾಬಿಗೆ ಬಂದ ಮೇಲೂ ನಾನು ಅದನ್ನೇ ಮಾಡಿದೆ. ನೀರು ಶುದ್ಧ ಮಾಡುವ ಯಂತ್ರ ಕರೆಂಟಿದ್ದಾಗ ಮಾತ್ರ ನಡೆಯುತ್ತದೆ. ಹಾಗಾಗಿ ನಡೆದಾಗ ದೊಡ್ಡ ಕ್ಯಾನಿನಲ್ಲಿ ಹದಿನೈದು ದಿನದ ನೀರು ತುಂಬಿ, ಮೆತ್ತನೆಯ ಪೈಪನ್ನು ಸುತ್ತಿ ಕ್ಯಾನಿನೊಳಗೇ ಬಿಟ್ಟು ಮುಚ್ಚಳ ಹಾಕುತ್ತಿದ್ದೆ. ಮೊದಲ ವರ್ಷ ಸರ್ ಈ ಜಾಣತನವನ್ನು ಎಲ್ಲರೆದುರು ಹೊಗಳಿದ್ದರು.

ಅವಳದು ಡಾಬಕಾ ಹತ್ತಿರದ ಹಳ್ಳಿ. ಮನೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಬಾವಿ ಅಂಗಳದಲ್ಲೇ ಇದೆ. ನಿನ್ನೆಯ ನೀರನ್ನು ಬೆಳಿಗ್ಗೆ ಗಿಡಕ್ಕೆ ಚೆಲ್ಲಿ, ಹಂಡೆ ಬೆಳಗಿ, ಹೊಸದು ತುಂಬುವುದು ಅವರ ಮನೆಯ ರೂಢಿ. ಲ್ಯಾಬಿನಲ್ಲೂ ದಿನಾ ತನ್ನ ಗಾಜಿನ ಬಾಟಲಿಯ ನೀರನ್ನು ಕಿಟಕಿಯ ತುಳಸಿಗೆ ಹಾಕಿ, ಯಂತ್ರದ ಬಾಯಿಗೇ ಬಾಟಲಿ ಹಿಡಿದು ಹೊಸ ನೀರು ತುಂಬಿಕೊಳ್ಳುತ್ತಿದ್ದಳು. ಕರೆಂಟಿಲ್ಲದಿದ್ದರೆ ಕಾಯುತ್ತ ಕೂರುತ್ತಿದ್ದಳು.

"ಇಷ್ಟು ಶುದ್ಧ ನೀರ ಗಿಡಕ್ಕ ಚೆಲ್ತೀಯಲ್ಲ, ನಿಮ್ಮಪ್ಪನ ಬಾವಿ ಏನಿದು?" ಎಂದು ನಾನು ಬೈದಿದ್ದೆ.

"ಶಿಳಾ ನೀರ ಬ್ಯಾಡ್ರಿ ಅಕ್ಕಾ. ನಮ್ಮ ಮನ್ಯಾಗ ನಿನ್ನಿ ನೀರ ಎಮ್ಮಿಗೂ ಹಾಕಂಗಿಲ್ಲ," ಎಂದು ನಕ್ಕಿದ್ದಳು.

ನಾನು ನಗಲಿಲ್ಲ. ಅವಳ ಮನೆಯ ಎಮ್ಮೆಗಿಂತ ನಾನು ಕಡಿಮೆ ಎಂದ ಹಾಗೆ ಕೇಳಿಸಿತು. ಹೊಟ್ಟೆಕಿಚ್ಚಿನ ಕಿವಿಗೆ ಎಲ್ಲ ಮಾತೂ ಹಾಗೇ ಕೇಳುತ್ತದೆ.

ಒಂದು ಶುಕ್ರವಾರ ಸಂಜೆ ಅವಳು ಊರಿಗೆ ಹೊರಟಳು. ಅವಳ ಬಸುರಿ ಅಕ್ಕನ ಕುಬಸವಿತ್ತು. ಹಸಿರು ಸೀರೆ, ಆರತಿ, ಐದು ಥರದ ಅನ್ನ. ನಾಲ್ಕು ದಿನ ಬಿಟ್ಟು ಬರುತ್ತೇನೆಂದಳು. ಹೊರಡುವ ಮುಂಚೆ ಫ್ರಿಜ್ಜಿನಲ್ಲಿದ್ದ ತನ್ನ ಮೀಡಿಯಾದ ಬಾಟಲಿ ತೋರಿಸಿದಳು.

"ಅಕ್ಕಾ, ಶನಿವಾರ ಒಮ್ಮಿ, ಸೋಮವಾರ ಒಮ್ಮಿ ನನ್ನ ಡಿಶ್ಶಿಗಿ ಮೀಡಿಯಾ ಬದಲಿ ಮಾಡ್ರಿ. ನಿಮ್ಮ ಕೈಗಿ ಬಿಟ್ಟು ಹೋಗ್ಲತ್ತೀನಿ. ನನಗ ಏನೂ ಚಿಂತಿ ಇಲ್ಲ."

ಶನಿವಾರ ಬೆಳಿಗ್ಗೆ ಲ್ಯಾಬಿನಲ್ಲಿ ನಾನೊಬ್ಬಳೇ. ಎರಡು ಬಾಟಲಿ ಎದುರಿಗಿಟ್ಟುಕೊಂಡು ಕೂತೆ, ಅವಳದೊಂದು, ನನ್ನದೊಂದು. ಎರಡೂ ತಿಳಿ ಗುಲಾಬಿ ಶರಬತ್ತಿನ ಬಣ್ಣ. ಯಾರದ್ದು ಯಾವುದೆಂದು ಹೇಳಲು ಚೀಟಿ ಬಿಟ್ಟರೆ ಬೇರೆ ಗುರುತಿಲ್ಲ. ಆಗ ನನ್ನ ತಲೆಯಲ್ಲಿ ಬಂದದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಕೈಗುಣವೇ ಅಲ್ಲವೆ ನಿನ್ನದು? ಹಾಗಾದರೆ ನನ್ನ ಬಾಟಲಿಯಿಂದ ಉಂಡೂ ಚಂದ ಇರಲಿ ನೋಡೋಣ. ನಾನು ಅವಳ ಡಿಶ್ಶುಗಳಿಗೆ ನನ್ನ ಮೀಡಿಯಾ ಹಾಕಿದೆ. ಇನ್ನೂ ಎಣ್ಣೆ ಹಾಕದ ನನ್ನ ಡಿಶ್ಶುಗಳಿಗೆ ಅವಳದ್ದು ಹಾಕಿದೆ. ಸೋಮವಾರವೂ ಹಾಗೇ ಮಾಡಿದೆ. ಅವಳವು ಸ್ವಲ್ಪ ಬಾಡಲಿ ಎಂದೇ ನನ್ನ ಆಸೆಯಿತ್ತು. ಪರೀಕ್ಷೆ ಗಿರೀಕ್ಷೆ ಏನೂ ಅಲ್ಲ, ಬರೀ ಕೆಟ್ಟ ಬುದ್ಧಿ.

ಮಂಗಳವಾರ ಅವಳು ಬರುವ ಮುಂಚೆ ಹೋಗಿ ನೋಡಿದೆ. ನನ್ನ ಡಿಶ್ಶು ಮೊದಲು ನೋಡಿದೆ. ಮೂರು ವರ್ಷದಲ್ಲಿ ಒಂದು ದಿನವೂ ಕಾಲು ಚಾಚದ ನನ್ನ ಕೋಶಗಳು ಹಾಯಾಗಿ ಹಾಸಿಕೊಂಡಿದ್ದವು, ಅಂಚು ಅಂಚಿಗೆ ಕೂಡಿ, ತಿಳಿಯಾಗಿ. ನಾನು ಕುಣಿಯುವುದೊಂದು ಬಾಕಿ. ಆಮೇಲೆ ಅವಳದ್ದು ಇಟ್ಟೆ. ಅವು ದುಂಡಗೆ, ಕಾಳುಕಾಳಾಗಿ, ಮುನಿಸಿಕೊಂಡು ಕೂತಿದ್ದವು. ನನ್ನ ಮನೆಯ ಮಕ್ಕಳನ್ನು ಅವಳ ಮನೆಯಲ್ಲಿ ನೋಡಿದಂತಾಯಿತು.

ಖುಷಿ ಎಷ್ಟು ಹೊತ್ತು ಇತ್ತೆಂದರೆ, ಎದ್ದು ಕ್ಯಾನಿನ ಹತ್ತಿರ ಹೋಗುವಷ್ಟು ಹೊತ್ತು. ಮುಚ್ಚಳ ತೆಗೆದೆ. ಹೊಸ ರೇನ್‌ಕೋಟಿನ ವಾಸನೆ. ಆ ವಾಸನೆ ಮೂರು ವರ್ಷದಿಂದ ಅಲ್ಲೇ ಇತ್ತು, ನನ್ನ ಮೂಗಿಗೆ ರೂಢಿಯಾಗಿತ್ತು. ಪೈಪನ್ನು ಹೊರಗೆ ಎಳೆದೆ. ಅದು ಸುತ್ತಿದ ಹಾಗೇ ಗಡಸಾಗಿ ನಿಂತಿತು, ಬಿಡಿಸಲು ಹೋದರೆ ಒಂದು ಕಡೆ ಸೀಳಿತು. ಆ ಪೈಪು ಆಗಾಗ ಗಡಸಾಗುತ್ತಿತ್ತು, ನಾನೇ ಬದಲಿಸುತ್ತಿದ್ದೆ. ಮೆತ್ತಗಿದ್ದದ್ದು ಗಡಸಾದರೆ ಅದನ್ನು ಮೆತ್ತಗಿಟ್ಟಿದ್ದ ಎಣ್ಣೆ ಎಲ್ಲಿ ಹೋಯಿತು ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಅದೇ ಎಣ್ಣೆಯ ಮೇಲೆ ಸಂಶೋಧನೆ ಮಾಡುತ್ತಿದ್ದವಳು ನಾನು!

ಎಣ್ಣೆ ಹಾಕಿದ ಡಿಶ್ಶಿಗೆ ಗೊತ್ತಿದ್ದು ಹಾಕಿದ್ದೆ. ಎಣ್ಣೆ ಇಲ್ಲದ ಡಿಶ್ಶಿಗೆ ನೀರಿನ ಜೊತೆ ಗೊತ್ತಿಲ್ಲದೆ ಹಾಕಿದ್ದೆ. ಎರಡೂ ಒಂದೇ ರೀತಿ ಕಾಣದೆ ಇನ್ನೇನು ಮಾಡುತ್ತವೆ? ಅಪಾಯವಿಲ್ಲ ಎನ್ನುವ ವರದಿ, ನನ್ನ ಮೊದಲ ಹೆಸರು, ಮೂರು ವರ್ಷದ ಬಸ್ಸು, ಎಲ್ಲ ಆ ಕ್ಯಾನಿನೊಳಗೆ ಇತ್ತು. ಇದು ಗೊತ್ತಿದ್ದದ್ದು ನನಗೊಬ್ಬಳಿಗೆ. ಬಾಟಲಿ ಅದಲುಬದಲು ಮಾಡಿದ್ದನ್ನು ಹೇಳದೆ ಇದನ್ನು ಹೇಳುವ ದಾರಿ ಇರಲಿಲ್ಲ. ಹಾಗಾಗಿ ಎರಡನ್ನೂ ಹೇಳಬಾರದೆಂದು ತೀರ್ಮಾನ ಮಾಡಿದೆ.

ಅವಳು ಹತ್ತು ಗಂಟೆಗೆ ಬಂದಳು, ಕೈ ತುಂಬ ಹಸಿರು ಬಳೆ, ನನಗಾಗಿ ಶೇಂಗಾ ಹೋಳಿಗೆ. ಡಿಶ್ ನೋಡಿದಳು. ಮತ್ತೊಂದು ನೋಡಿದಳು. ಎದ್ದು ಪಾತ್ರೆ ತೊಳೆಯುವ ಕೋಣೆಗೆ ಹೋದಳು. ಹಿಂದೆ ನಾನೂ ಹೋದೆ.

"ಅಕ್ಕಾ, ನಂದೇ ತಪ್ಪರಿ," ಅಂದಳು. "ಶುಕ್ರವಾರ ಊರಿಗಿ ಹೋಗೋ ಮುಂದ ಡಿಶ್ ಮುಟ್ಟಿದ್ದೆ. ಅವತ್ತ ನಾ ಹೊರಗಿದ್ದೆ. ನಮ್ಮವ್ವ ಹೇಳ್ತಾಳ, ಮುಟ್ಟಾದಾಗ ಉಪ್ಪಿನಕಾಯಿ ಭರಣಿ ಮುಟ್ಟಿದ್ರ ಬೂಸ್ಟ ಬರ್ತದಂತ. ನಾ ನಗ್ತಿದ್ದೆ. ಇವೂ ಜೀವ ಇದ್ದವೇ ಅಲ್ರಿ? ಅದಕ್ಕೇ ಹಿಂಗಾಗಿರಬೇಕು. ಹಂಗ ಇರಬಹುದೇನ್ರಿ?"

ಎಂಎಸ್ಸಿ ಓದಿದ ಹುಡುಗಿ ಕೇಳುತ್ತಿದ್ದಳು. ಎಂಎಸ್ಸಿ ಓದಿದ ನಾನು ಅವಳ ಕಣ್ಣು ನೋಡಿ, "ಇರಬಹುದು," ಅಂದೆ.

ಬಾಟಲಿ ಬದಲಿಸಿದ್ದಕ್ಕೆ ನಾನು ಇವತ್ತು ಅಷ್ಟು ಮರುಗುವುದಿಲ್ಲ. ಆ ಒಂದು ಮಾತಿಗೆ ಮರುಗುತ್ತೇನೆ.

ಮನೆಯಲ್ಲಿ ಅವ್ವನಿಗೆ ಪೈಪಿನ ಸುದ್ದಿ ಮಾತ್ರ ಹೇಳಿದೆ, ಬೇರೆ ಏನೂ ಹೇಳಲಿಲ್ಲ. ಅವಳು ರೊಟ್ಟಿ ಬಡಿಯುವುದನ್ನು ಅಷ್ಟಕ್ಕೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಹಿತ್ತಲಿಗೆ ಹೋಗಿ, ಬ್ಯಾರಲ್ಲಿನೊಳಗಿನ ಪೈಪು ಎಳೆದು ಗೋಡೆಗೆ ಎಸೆದಳು.

"ಮೂರ ವರ್ಷ ಇದನ್ನೇ ಓದಿ, ಈಗ ಹೇಳ್ತಿ ಏನ? ನಿಮ್ಮ ಸರ್‌ಗಿ ಹೇಳ್ದಿ?"

"ಹೇಳ್ತೇನಿ," ಅಂದೆ.

ಹೇಳಲಿಲ್ಲ. ಅವ್ವನಿಗೆ ಒಂದು ನಿಮಿಷ ಸಾಕಾಗಿದ್ದ ಕೆಲಸಕ್ಕೆ ನನಗೆ ತಿಂಗಳಾದರೂ ಸಾಕಾಗಲಿಲ್ಲ. ಕ್ಯಾನನ್ನು ಸದ್ದಿಲ್ಲದೆ ಮೂಲೆಗೆ ಸರಿಸಿ, ನಾನೂ ಗಾಜಿನ ಬಾಟಲಿ ಹಿಡಿದು ಯಂತ್ರದ ಮುಂದೆ ನಿಂತೆ. ನನ್ನ ಕೋಶಗಳು ಚಂದವಾದವು. ಸರ್ ಅದನ್ನು ನೋಡಲಿಲ್ಲ. ಅವರು ಹಳೇ ಗ್ರಾಫುಗಳನ್ನೇ ಜೋಡಿಸುತ್ತಿದ್ದರು.

ಮುಂದಿನ ತಿಂಗಳು ಅವಳು ನಾಲ್ಕು ದಿನ ಬರಲಿಲ್ಲ. ಜ್ವರ ಎಂದು ಸರ್‌ಗೆ ಮೆಸೇಜು, ಮುಟ್ಟಾಗಿದೆ ಎನ್ನುವ ನಿಜ ನನಗೆ ಮಾತ್ರ. ತನ್ನ ಡಿಶ್ಶುಗಳನ್ನು ಮತ್ತೆ ನನಗೇ ಒಪ್ಪಿಸಿದ್ದಳು. "ಛಲೋ ಕೈ ಇದ್ದೋರಿಗೆ ಶಿಸ್ತು ಇರಂಗಿಲ್ಲ," ಎಂದು ಸರ್ ಗೊಣಗಿದರು. ಆ ಮಾತು ನನಗೆ ಸಿಹಿಯಾಗಿ ಕೇಳಿಸಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಆ ನಾಲ್ಕು ದಿನ ಅವಳ ಡಿಶ್ಶುಗಳಿಗೆ ಅವಳದ್ದೇ ಮೀಡಿಯಾ ಹಾಕಿದೆ. ನನ್ನವುಗಳಿಗಿಂತ ಹೆಚ್ಚು ಜೋಪಾನ ಮಾಡಿದೆ. ಹೀಗೆ ಮಾಡಿದರೆ ಹಳೆಯದು ತೀರೀತು ಎಂದು ಒಳಗೊಳಗೆ ಲೆಕ್ಕವಿತ್ತು.

ಅವಳು ವಾಪಸು ಬಂದು ಮೈಕ್ರೋಸ್ಕೋಪಿಗೆ ಬಗ್ಗಿದಳು. ತಲೆ ಎತ್ತಿದಾಗ ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು.

"ನೋಡ್ರಿ ಅಕ್ಕಾ. ನಾ ಮುಟ್ಟಲಿಲ್ಲ, ಹ್ಯಾಂಗ ಚಂದ ಅದಾವ! ನಮ್ಮವ್ವಂದು ಖರೇನೇ ಆಯ್ತು."

ಅವಳೇ ಮುಂದುವರಿಸಿದಳು.

"ತಿಂಗಳಿಗಿ ನಾಲ್ಕ ದಿನ ರಜಾ ಹಾಕಿದ್ರ ಈ ಕೆಲಸ ಆಗಂಗಿಲ್ರಿ. ಸರ್‌ಗೆ ಕೇಳ್ಕೊಂಡು ಬರಿಯೋ ಕೆಲಸ ತಗೋತೇನಿ. ಸೆಲ್ಸ್ ನಿಮಗೇ ಇರ್ಲಿ. ನಿಮ್ಮವೂ ಈಗ ಭಾಳ ಛಲೋ ಬರ್ಲತ್ತಾವ."

ನಾನು ಬಯಸಿದ್ದೆಲ್ಲ ಅವಳ ಬಾಯಲ್ಲೇ ಬಂದಿತ್ತು. ಡಿಶ್ಶು ನನಗೆ, ಮೈಕ್ರೋಸ್ಕೋಪು ನನಗೆ, ಸರ್ ಹೊಗಳಿಕೆಯೂ ಇನ್ನು ನನಗೆ. ನಾನು ಮಾಡಬೇಕಾದದ್ದು ಒಂದೇ, ಬಾಯಿ ಮುಚ್ಚಿಕೊಂಡಿರುವುದು. ಅವಳು ಕೈಗವಸು ಬಿಚ್ಚಿ ಕಸದ ಡಬ್ಬಿಗೆ ಹಾಕಿದಳು. ಮೈಲಿಗೆಯಾದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿಯುತ್ತಾರಲ್ಲ, ಹಾಗೆ ಹಿಡಿದು ಹಾಕಿದಳು. ಅದನ್ನು ನನ್ನಿಂದ ನೋಡಲಾಗಲಿಲ್ಲ.

ಅವಳ ರಟ್ಟೆ ಹಿಡಿದು ಸರ್ ಕೋಣೆಗೆ ಕರೆದುಕೊಂಡು ಹೋದೆ. ಕೂರದೆ ನಿಂತುಕೊಂಡೇ ಎಲ್ಲ ಹೇಳಿದೆ. ಕುಬಸ, ಎರಡು ಬಾಟಲಿ, ಶನಿವಾರ, ಸೋಮವಾರ, ಕ್ಯಾನು, ಪೈಪು. ಸರ್ ಎದುರು ವರದಿಯ ಹಾಳೆಗಳು ಪಿನ್ ಹೊಡೆಸಿಕೊಳ್ಳಲು ಕಾದಿದ್ದವು. ಅವರು ಆ ಹಾಳೆಗಳನ್ನು ಪಕ್ಕಕ್ಕೆ ಸರಿಸಿ, "ಆ ಪೈಪು ಎಲ್ಲೈತಿ, ತೋರಸ್ರಿ," ಎಂದರು. ನಾನು ತಂದುಕೊಟ್ಟೆ. ಬಗ್ಗಿಸಿ ನೋಡಿದರು, ಮೂಸಿ ನೋಡಿದರು. ಆಮೇಲೆ ವರದಿಯನ್ನು ಎತ್ತಿ ಡ್ರಾವರಿನೊಳಗೆ ಹಾಕಿದರು. ನನ್ನನ್ನು ಬೈಯಲಿಲ್ಲ. ಈ ಕ್ಯಾನನ್ನು ಹೊಗಳಿದ್ದು ಅವರಿಗೂ ನೆನಪಿತ್ತು ಎಂದು ಕಾಣುತ್ತದೆ.

ಹುಡುಗಿ ನನ್ನ ಹಿಂದೆಯೇ ಹೊರಗೆ ಬಂದಳು. ವರಾಂಡದಲ್ಲಿ ನಿಂತಳು.

"ಬಾಟಲಿ ಬದಲಿ ಮಾಡಿದ್ದು ಬಿಡ್ರಿ. ನಾ ಹೊರಗಿದ್ದಕ್ಕ ಹಿಂಗಾಯ್ತೇನಂತ ಕೇಳ್ದಾಗ ಇರಬಹುದು ಅಂದ್ರಲ್ಲ, ಅದ್ಯಾಕ ಅಂದ್ರಿ?"

ಸುಳ್ಳು ಹೇಳುವ ಶಕ್ತಿ ಅವತ್ತಿಗೆ ಮುಗಿದಿತ್ತು. "ನಿನ್ನ ಸೆಲ್ಸ್ ನೋಡಿದ್ರ ನನಗ ಹೊಟ್ಟಿ ಉರೀತಿತ್ತು," ಅಂದೆ. "ಈಗೂ ಉರೀತದ."

ಅವಳು ತಲೆಯಾಡಿಸಿದಳು. ಒಳಗೆ ಹೋಗಿ ನೋಟ್‌ಬುಕ್ ತೆಗೆದು, ಯಾವ ಡಿಶ್ಶಿಗೆ ಎಷ್ಟು ಹಾಕಿದ್ದೆ, ಎಷ್ಟು ಹೊತ್ತಿಗೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡಳು. ನನ್ನ ಕಳ್ಳತನವನ್ನು ಪ್ರಯೋಗದ ಹಾಗೆ ಗೆರೆ ಎಳೆದು, ಕಾಲಂ ಹಾಕಿ ಬರೆದಳು. ಇಂಥ ಹೊತ್ತಿನಲ್ಲೂ ಅವಳ ಅಕ್ಷರ ಎಷ್ಟು ದುಂಡಗಿದೆ ಎಂದು ನನಗನ್ನಿಸಿತು.

ಆಮೇಲೆ ಎಲ್ಲವನ್ನೂ ಗಾಜಿನಲ್ಲಿ, ಆ ದಿನದ ನೀರಿನಲ್ಲಿ, ಮೊದಲಿನಿಂದ ಮಾಡಿದೆವು. ಎಣ್ಣೆ ಬಿದ್ದ ಡಿಶ್ಶು ಬಾಡಿತು, ಬೀಳದ್ದು ಚಂದವಿತ್ತು, ಹಾರ್ಮೋನಿನಲ್ಲೂ ವ್ಯತ್ಯಾಸ ಬಂತು. ಮೂರು ವರ್ಷ ನಾನು ಕಾಣದೇ ಹೋದದ್ದು ಮೊದಲ ಸುತ್ತಿನಲ್ಲೇ ಕಂಡಿತು. ಹೊಸ ವರದಿ ಹೋಯಿತು. ಅಪಾಯವಿಲ್ಲ ಎನ್ನುವ ಮಾತು ಅದರಲ್ಲಿಲ್ಲ. ಮೊದಲ ಹೆಸರು ಅವಳದು, ಎರಡನೆಯದು ನನ್ನದು. ನನ್ನ ಮೂರು ವರ್ಷಕ್ಕೆ ಅದರಲ್ಲಿ ಒಂದು ಸಾಲು ಸಿಕ್ಕಿದೆ, ಹಿಂದಿನ ಅಳತೆಗಳನ್ನು ಕೈಬಿಡಲಾಗಿದೆ ಎಂದು. ಆ ಸಾಲನ್ನು ನಾನೇ ಟೈಪ್ ಮಾಡಿದೆ.

ಮುಟ್ಟಿನ ದಿನವೆಂದು ಅವಳು ಈಗ ರಜೆ ಹಾಕುವುದಿಲ್ಲ. ಒಟ್ಟಿಗೆ ಉಣ್ಣುತ್ತೇವೆ, ನಗುತ್ತೇವೆ, ಅವಳು ಹಳೆಯದನ್ನು ಒಂದು ಸಲವೂ ಎತ್ತಿಲ್ಲ. ಹೋದ ತಿಂಗಳು ಅವಳು ಮತ್ತೆ ಮೂರು ದಿನ ಊರಿಗೆ ಹೋಗಬೇಕಾಯಿತು. ನಾನು ಕೈ ತೊಳೆದು, ಫ್ರಿಜ್ಜಿನ ಹತ್ತಿರ ನಿಂತೆ, ಅವಳು ಬಾಟಲಿ ತೋರಿಸುತ್ತಾಳೆಂದು. ಅವಳು ಬಾಟಲಿ ತೆಗೆದುಕೊಂಡು ನನ್ನ ಪಕ್ಕದಿಂದ ಹಾದು ಸರ್ ಕೋಣೆಗೆ ಹೋದಳು. ದ್ರವ ಅಳೆದು ಹಾಕುವ ಪಿಪೆಟ್ ಹಿಡಿದರೆ ಕೈ ನಡುಗುವ ಮನುಷ್ಯ ಅವರು. ಮೂರು ದಿನವೂ ಕನ್ನಡಕ ಹಣೆಗೇರಿಸಿಕೊಂಡು, ಅರ್ಧ ಮೇಜಿನ ಮೇಲೆ ಚೆಲ್ಲುತ್ತ, ಅವಳ ಡಿಶ್ಶುಗಳಿಗೆ ಮೀಡಿಯಾ ಹಾಕಿದರು. ನಾನು ಪಕ್ಕದಲ್ಲೇ ನನ್ನ ಕೆಲಸ ಮಾಡುತ್ತ ಕೂತು, ಆ ನಡುಗುವ ಕೈಗೆ ಹೊಟ್ಟೆಕಿಚ್ಚುಪಟ್ಟೆ.